ಬಾರದ ರಾಮದುರ್ಗದ ದಂಡು

ಚರಿತ್ರೆ ಕಲಿಸುವ ಮಾಸ್ತರನಿಗೆ ಚರಿತ್ರೆ ತಿದ್ದುವ ಚಟ ಹತ್ತಬಾರದು. ನನಗೆ ಹತ್ತಿದೆ. ತರಗತಿಯಲ್ಲಿ "ಆದದ್ದಷ್ಟ ಬರೀರಿ, ಹಂಗಾಗಿದ್ರ ಹಿಂಗಾಗಿದ್ರ ಅನ್ನೂದು ಬ್ಯಾಡ" ಎಂದು ಗದರುವ ನಾನು, ರಾಮದುರ್ಗದ ಮನೆಗೆ ಬಂದು ಚಹಾ ಕುಡಿದವನೇ ಲ್ಯಾಪ್‌ಟಾಪ್ ತೆರೆದು, ಆಗದೇ ಇದ್ದದ್ದನ್ನೆಲ್ಲ ಆಗಿಸುತ್ತ ಕೂಡುತ್ತೇನೆ. ರಾಜ್ಯ ಕಟ್ಟಿ, ದಂಡು ಕಳಿಸಿ, ಒಪ್ಪಂದ ಮಾಡಿಕೊಂಡು ಆಡುವ ದೊಡ್ಡ ಕಂಪ್ಯೂಟರ್ ಆಟಗಳಿವೆಯಲ್ಲ, ಅವುಗಳ ಹೊಟ್ಟೆಯೊಳಗೆ ಕೈಹಾಕಿ ನಮಗೆ ಬೇಕಾದ ಚರಿತ್ರೆ ತುಂಬಬಹುದು. ಅದಕ್ಕೆ ಮಾಡ್ ಎನ್ನುತ್ತಾರೆ. ನನ್ನ ಮಾಡ್‌ನಲ್ಲಿ ಕಿತ್ತೂರು ಇಂಗ್ಲಿಷರಿಗೆ ಸೋಲಬಾರದು. ಇದನ್ನು ದೇಶಪ್ರೇಮ ಎಂದುಕೊಳ್ಳಬೇಡಿ. ಹೆಂಡತಿ ಗಿರಿಜಾಳ ತವರು ಕಿತ್ತೂರಿನ ಮಗ್ಗುಲ ಹಳ್ಳಿ. ಮನೆಯ ಶಾಂತಿಗಾಗಿ ಆರಿಸಿಕೊಂಡ ವಿಷಯ ಅದು.

ಆದರೆ ಕಿತ್ತೂರು ಸೋಲುತ್ತಲೇ ಇತ್ತು. ತೋಪು ಹೆಚ್ಚಿಸಿದೆ, ಕೋಟೆಯ ಗೋಡೆ ದಪ್ಪ ಮಾಡಿದೆ, ಇಂಗ್ಲಿಷರ ದಂಡಿಗೆ ಭೇದಿ ಹತ್ತಿಸಿಯೂ ನೋಡಿದೆ. ಏನೂ ನಡೆಯಲಿಲ್ಲ. "ಇವತ್ತೂ ಸೋಲಿಸಿದ್ರೇನು ನಮ್ಮವ್ರನ್ನ?" ಎಂದು ಗಿರಿಜಾ ರೊಟ್ಟಿ ಬಡಿಯುತ್ತ ಕೇಳುವಳು, ಇಂಗ್ಲಿಷರ ಪಗಾರ ನಾನೇ ತಿನ್ನುತ್ತಿರುವೆನೆಂಬಂತೆ.

ಹೀಗಿರುವಾಗ ಮಾವ ಬಂದರು. ಎಳ್ಳಮಾವಾಸ್ಯೆಗೆ ಅವರ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಭೂತಾಯಿಗೆ ನೈವೇದ್ಯ ಚೆಲ್ಲಿ, ಬಂಧುಬಳಗವೆಲ್ಲ ಬೆಳೆಯ ನಡುವೆ ಕೂತು ಉಣ್ಣುವ ದಿನ. ಪ್ರತಿ ವರ್ಷ ಫೋನಿನಲ್ಲಿ ಕರೆಯುತ್ತಿದ್ದರು. ಪ್ರತಿ ವರ್ಷ ಹೆಂಡತಿಯೊಬ್ಬಳನ್ನೇ ಕಳಿಸಿ, ನಾನು ಈ ಲ್ಯಾಪ್‌ಟಾಪಿನ ಮುಂದೆ ಉಳಿಯುತ್ತಿದ್ದೆ. ಈ ಸಲ ಖುದ್ದಾಗಿ ಎರಡು ಬಸ್ಸು ಬದಲಿಸಿ ಬಂದಿದ್ದರು.

"ಮೊಣಕಾಲು ಮಾತು ಕೇಳವಲ್ದು, ಅಳಿಯಂದ್ರ. ಮುಂದಿನ ವರ್ಷ ಹೊಲಾ ಬ್ಯಾರೆದವ್ರಿಗೆ ಲಾವಣಿಗೆ ಕೊಡಾಂವ. ನನ್ನ ಕೈಲೆ ಇದ ಕಡೀ ಚರಗ. ಬರ್ರಿ."

"ಬರಬೇಕಂತನ ಐತ್ರಿ ಮಾವಾರ. ಸಾಲಿಯಾಗ ರಜಾ ಸಿಗೂದಿಲ್ಲ," ಎಂದೆ. ಹನ್ನೊಂದು ವರ್ಷದ ರೂಢಿ; ಬಾಯಿ ತಾನೇ ಹೇಳಿತು. ಗಿರಿಜಾ ಎದ್ದು ಅಡುಗೆಮನೆಗೆ ಹೋದಳು. ಮಾವ ನನ್ನ ಪಕ್ಕ ಕುರ್ಚಿ ಎಳೆದುಕೊಂಡು, "ನಮ್ಮೂರ ಯುದ್ಧ ತೋರಸ್ರಿ" ಎಂದರು.

ತೋರಿಸಿದೆ. ಕಿತ್ತೂರಿಗೆ ಮುತ್ತಿಗೆ ಬಿತ್ತು. ನೆರವು ಬೇಡಿ ಕಿತ್ತೂರಿನಿಂದ ರಾಮದುರ್ಗ ಸಂಸ್ಥಾನಕ್ಕೆ ಓಲೆ ಹೋಯಿತು. ತೆರೆಯ ಮೇಲೆ ಉತ್ತರ ಮೂಡಿತು: 'ಬರಬೇಕೆಂದೇ ಇದೆ. ಸದ್ಯಕ್ಕೆ ಅನುಕೂಲವಿಲ್ಲ.'

"ಈ ಮಾತು ಬರೆದವ್ರು ಯಾರು?" ಎಂದರು ಮಾವ.

"ನಾನ ರೀ," ಎಂದೆ ಹೆಮ್ಮೆಯಿಂದ. "ರಾಮದುರ್ಗದವ್ರು ಬರೋ ಸಂಭವ ಸೊನ್ನಿ ಇಟ್ಟೇನಿ. ಖರೇ ಚರಿತ್ರಿಯೊಳಗೂ ಬಂದಿದ್ದಿಲ್ಲ ನೋಡ್ರಿ."

ಮಾವ ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸಿದರು. "ನಾ ಇದನ್ನ ಫೋನಿನ್ಯಾಗ ಭಾಳ ಸಲ ಕೇಳೇನಿ, ಅಳಿಯಂದ್ರ," ಎಂದರು. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಸೊನ್ನೆ ಅಳಿಸಿ ನೂರು ಬರೆದು, ಆಟ ಮತ್ತೆ ಶುರು ಮಾಡಿದೆ.

ಈ ಸಲ ರಾಮದುರ್ಗದ ದಂಡು ಮಲಪ್ರಭೆ ದಾಟಿ, ಸವದತ್ತಿ ಹಾಯ್ದು, ಬೈಲಹೊಂಗಲದ ಮೇಲೆ ಕಿತ್ತೂರು ಮುಟ್ಟಿತು. ಮುಟ್ಟಿ, ಕಿತ್ತೂರಿನವರ ಜೊತೆಗೂಡಿ ಚೆನ್ನಾಗಿಯೇ ಸೋತಿತು. ನಾನು ತಲೆ ಕೆರೆದುಕೊಂಡೆ.

"ಸೋತ್ರ ಸೋಲ್ಲಿ ಬಿಡ್ರಿ," ಎಂದರು ಮಾವ, ಕನ್ನಡಕ ಏರಿಸುತ್ತ. "ಬಂದ್ರಲ್ಲ."

ಅಡುಗೆಮನೆಯ ಬಾಗಿಲಲ್ಲಿ ಗಿರಿಜಾ ನಿಂತಿದ್ದಳು. ಕೈಯಲ್ಲಿ ಒಂದು ಬಿಳಿ ಹಾಳೆ ಮತ್ತು ಪೆನ್ನು. "ರಜಾ ಅರ್ಜಿ ಬರೀರಿ," ಎಂದಳು.

ಮರುದಿನ ಅಂಜುತ್ತಲೇ ಅರ್ಜಿ ಹಿಡಿದು ಹೆಡ್‌ಮಾಸ್ತರರ ಮುಂದೆ ನಿಂತೆ. ಅವರು ಓದದೆಯೇ ಸಹಿ ಹಾಕಿದರು. "ಚರಗಕ್ಕ ಎಲ್ಲಾರೂ ಹೋಗ್ತಾರ್ರಿ. ಅರ್ಧ ಸಾಲಿ ಖಾಲಿ ಇರತೈತಿ. ವರ್ಷಾ ನೀವೊಬ್ರ ಯಾಕ ರಜಾ ಕೇಳೂದಿಲ್ಲ ಅಂತ ನನಗೂ ತಿಳೀತಿರಲಿಲ್ಲ," ಎಂದರು.

ಚರಗಕ್ಕೆ ಹೋಗಿ ಬಂದೆ. ಕಡುಬು, ಪುಂಡಿಪಲ್ಲೆ ಉಂಡು, ಮಾವನಿಗೆ ಹೆಗಲು ಕೊಟ್ಟು ಹೊಲವೆಲ್ಲ ಸುತ್ತಿಸಿದೆ. ಗಿರಿಜಾ ಎಲ್ಲರೆದುರು, "ಪಾಪ, ಹೆಡ್‌ಮಾಸ್ತರ್‍ನ ಭಾಳ ಕಾಡಿ ರಜಾ ತಗೊಂಡ ಬಂದಾರ," ಎಂದು ಹೊಗಳಿದಳು. ನಾನು ತಿದ್ದಲು ಹೋಗಲಿಲ್ಲ. ಆದದ್ದನ್ನಷ್ಟೇ ಹೇಳಬೇಕೆಂಬ ನಿಯಮ ನನ್ನ ತರಗತಿಯಲ್ಲಿ ಮಾತ್ರ ಇದೆ.