ದೇಶದ ಸಾಲ ಮತ್ತು ಚಂದ್ರಭಾಗಾಬಾಯಿಯ ಟ್ರಂಕು

ದೇಶಕ್ಕೆ ಸಾಲವಿದೆ ಎಂಬುದು ವೈಜಿನಾಥರಿಗೆ ಮೊದಲೂ ಗೊತ್ತಿತ್ತು. ದೊಡ್ಡವರ ಮನೆಯಲ್ಲಿ ದೊಡ್ಡ ಸಾಲ, ನಮಗೇನು ಎಂದು ಸುಮ್ಮನಿದ್ದರು. ಆದರೆ ಬಜೆಟ್ಟಿನ ದಿನ ಟಿ.ವಿ.ಯಲ್ಲಿ ಕೋಟು ತೊಟ್ಟ ಹುಡುಗನೊಬ್ಬ ಆ ಸಾಲವನ್ನು ಜನಸಂಖ್ಯೆಯಿಂದ ಭಾಗಿಸಿ, ನಿನ್ನೆ ಹುಟ್ಟಿದ ಕೂಸಿನ ತಲೆಯ ಮೇಲೂ ಇಷ್ಟಿಷ್ಟು ಎಂದು ನಗುನಗುತ್ತ ಹೇಳಿಬಿಟ್ಟ. ವೈಜಿನಾಥರು ತಮಗರಿವಿಲ್ಲದೆ ತಲೆ ಮುಟ್ಟಿ ನೋಡಿಕೊಂಡರು. (ಅಲ್ಲಿ ಕೂದಲು ಖಾಲಿಯಾಗಿ ವರ್ಷಗಳಾಗಿದ್ದವು. ಸಾಲ ಕೂರಲು ಜಾಗಕ್ಕೇನೂ ಕೊರತೆಯಿರಲಿಲ್ಲ.)

ಅವರು ಊರ ಹೊರಗಿನ ಕೊಳಾರದ ಒಂದು ಗೋದಾಮಿನಲ್ಲಿ ಸ್ಟಾಕು ನೋಡಿಕೊಂಡು ನಿವೃತ್ತರಾದವರು. ಒಳಗೆ ಬಂದ ಚೀಲದ ಮೇಲೆಲ್ಲ ನೀಲಿ ಪೆನ್ನಿನಲ್ಲಿ ‘ವೈ’ ಎಂದು ಗುರುತು ಹಾಕಿ, ಗುರುತಿಲ್ಲದ್ದನ್ನು ಬಾಗಿಲು ದಾಟಲು ಬಿಡದ ಮನುಷ್ಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯೇ ಅವರ ಧರ್ಮಗ್ರಂಥ. ಅಂಥವರ ತಲೆಯ ಮೇಲೆ ಅವರನ್ನು ಒಂದು ಮಾತೂ ಕೇಳದೆ ಸಾಲ ಹೊರಿಸಿದರೆ ಸುಮ್ಮನಿರುವುದು ಹೇಗೆ? ಚಪ್ಪಲಿ ಮೆಟ್ಟಿಕೊಂಡು ನೇರ ಊರ ನಡುವಿನ ಚೌಬಾರದ ಹತ್ತಿರದ ಚಾಂದ ಪಾಶಾನ ಚಹಾದ ಹೋಟೆಲಿಗೆ ಹೋದರು. ಅದೇ ಅವರ ಲೋಕಸಭೆ.

ಹಿಂದಿನವರು ಸಾಲ ಮಾಡಿಯಾದರೂ ತುಪ್ಪ ತಿನ್ನುತ್ತಿದ್ದರು, ಈಗಿನವರು ತಿಂದು ಮುಗಿಸಿದ ತುಪ್ಪದ ಬಡ್ಡಿ ಕಟ್ಟಲು ಸಾಲ ಮಾಡುತ್ತಾರೆ ಎಂದು ಅಲ್ಲಿ ಭಾಷಣ ಸುರುವಾಯಿತು. ವಿರೋಧ ಪಕ್ಷದಲ್ಲಿ ಕುಳಿತಾಗ ಸಾಲ ಸಾಲ ಎಂದು ಬಾಯಿ ಬಡಿದುಕೊಳ್ಳುವವರೇ, ಕುರ್ಚಿ ಸಿಕ್ಕ ಮರುದಿನ ಮೊದಲಿನವರಿಗಿಂತ ಒಂದು ಕೈ ಮೇಲೆ. ಮಿತಿ ಅಂತ ಒಂದು ಹಾಕಿಕೊಳ್ಳುತ್ತಾರೆ, ಮುಟ್ಟುವ ಹೊತ್ತಿಗೆ ಅದನ್ನೇ ಎತ್ತಿ ಮೇಲಿಡುತ್ತಾರೆ.

ಚಾಂದ ಪಾಶಾ ಚಹಾ ಸೋಸುತ್ತಲೇ ಕೇಳಿದ, “ನನ್ನ ತಲಿ ಮ್ಯಾಲೂ ಅದ ಏನ್ರಿ ಸಾಬ?”

“ಎಲ್ಲಾರ ತಲಿ ಮ್ಯಾಲೂ ಅದ.”

“ಅದ್ರಾಗ ನಿಮ್ಮ ಚಹಾದ ಉದ್ರಿ ಕೂಡಿಸ್ಯಾರೋ, ಅದು ಬ್ಯಾರೆ ಅದನೋ?”

ಇದು ರಾಷ್ಟ್ರಮಟ್ಟದ ಪ್ರಶ್ನೆಯಲ್ಲವಾದ್ದರಿಂದ ವೈಜಿನಾಥರು ಉತ್ತರಿಸಲಿಲ್ಲ. ಚಾಂದ ಪಾಶಾ ಬಿಡಲಿಲ್ಲ. ಅಷ್ಟು ದೊಡ್ಡ ಸಾಲ ಕೊಟ್ಟವರಾದರೂ ಯಾರು ಎಂದ. ಹೆಚ್ಚಿನದು ನಮ್ಮ ಬ್ಯಾಂಕಿನಲ್ಲಿ, ವಿಮೆಯಲ್ಲಿ ನಾವೇ ಇಟ್ಟ ಹಣ ಎಂದು ವೈಜಿನಾಥರು ಬಿಡಿಸಿ ಹೇಳಿದರು.

“ಅಂದ್ರ ರೊಕ್ಕಾನೂ ನಮ್ದೇ, ಸಾಲಾನೂ ನಮ್ಮ ಮ್ಯಾಲೇ?”

“ಅದಕ್ಕೇ ಅನ್ನೋದು ಜನಕ್ಕ ಟೋಪಿ ಹಾಕೋದು ಅಂತ,” ಎಂದು ವೈಜಿನಾಥರು ಗ್ಲಾಸು ಕೆಳಗಿಟ್ಟು ಎದ್ದರು. (ಉದ್ರಿ ಹಾಗೆಯೇ ಉಳಿಯಿತು.)

ಮನೆಗೆ ಬಂದರೆ ಪಡಸಾಲೆಯ ನಡುವೆ ಟ್ರಂಕು ಬಾಯಿ ತೆರೆದು ಕೂತಿತ್ತು. ಅದರ ಮುಂದೆ ಹೆಂಡತಿ ಚಂದ್ರಭಾಗಾಬಾಯಿ. ಭಾಲ್ಕಿಯಲ್ಲಿ ಆಕೆಯ ತಂಗಿಯ ಹೊಸ ಮನೆಯ ವಾಸ್ತುಶಾಂತಿ ಹತ್ತಿರ ಬಂದಿತ್ತು, ಅದರ ಬೆನ್ನಿಗೇ ಔರಾದಿನಲ್ಲಿ ತಮ್ಮ ಹಣಮಂತನ ಮಗಳು ಸೋನಾಲಿಯ ಮದುವೆ. ಆಹೇರಿಗೆ ಬಟ್ಟೆ ಆರಿಸುವ ಕೆಲಸ ನಡೆದಿತ್ತು.

ಆಹೇರಿ ಎಂದರೆ ಏನೆಂದು ಅರಿಯದ ಪುಣ್ಯವಂತರಿಗೆ ಎರಡು ಮಾತು. ಮದುವೆ ಮುಂಜಿಗೆ ಹೋದವರು ಗಂಡಸಿಗೆ ಟೋಪಿ-ಟವಲು, ಹೆಂಗಸಿಗೆ ಕುಬಸದ ಖಣ, ಸಂಬಂಧ ಹತ್ತಿರದ್ದಾದರೆ ಸೀರೆ, ಪೋಷಾಕು ಮಾಡಬೇಕು. ಹಾಗೆ ಮಾಡಿಸಿಕೊಂಡವರು ಮುಂದೆ ಇವರ ಮನೆಯ ಕಾರ್ಯಕ್ಕೆ ಬಂದಾಗ ಅದನ್ನು ತಿರುಗಿಸಬೇಕು, ಬರೀ ತಿರುಗಿಸಿದರೆ ಸಾಲದು, ಒಂದು ತೂಕ ಏರಿಸಿ ತಿರುಗಿಸಬೇಕು. ಈ ಬಟ್ಟೆಯನ್ನು ಯಾರೂ ಉಡುವುದಿಲ್ಲ, ತೊಡುವುದಿಲ್ಲ. ಪ್ಯಾಂಟಿನ ಪೀಸು ಯಾವ ದರ್ಜಿಯ ಕತ್ತರಿಯನ್ನೂ ಕಾಣದೆ ಮನೆಯಿಂದ ಮನೆಗೆ ತಿರುಗಿ, ಪ್ಯಾಂಟಾಗುವ ಭಾಗ್ಯವಿಲ್ಲದೆ ಮುದಿಯಾಗುತ್ತದೆ.

ಆ ಟ್ರಂಕನ್ನು ವೈಜಿನಾಥರು ಇಷ್ಟು ವರ್ಷ ಮನೆಯ ಸಂಪತ್ತು ಎಂದೇ ಭಾವಿಸಿದ್ದರು. ಸ್ಟಾಕು ನೋಡಿದ ಕಣ್ಣಲ್ಲವೇ, ಸಹಜವಾಗಿ ಕೇಳಿದರು, “ಇದ್ರಾಗ ನಮ್ಮದು ಎಷ್ಟು?”

“ನಮ್ಮದು ಒಂದೂ ಇಲ್ರಿ. ಎಲ್ಲಾ ಮಂದಿದು. ಮಂದಿಗೇ ಹೋಗೋದು.”

“ಹಂಗಾರ ಇದು ಆಸ್ತಿ ಅಲ್ಲ?”

“ಆಸ್ತಿ ಹ್ಯಾಂಗ ಆಗ್ತದ್ರಿ. ಇದೆಲ್ಲಾ ನಾವು ಕೊಡೋದು ಅದ. ನಮ್ಮ ಮನಿಷಾನ ಲಗ್ನದಾಗ ಹಣಮಂತ ನಿಮಗ ಧೋತರ-ಅಂಗಿ ಮಾಡಿದ್ದ. ಈಗ ಅವನಿಗಿ ಧೋತರ-ಅಂಗಿ ಮ್ಯಾಲ ಒಂದು ಫೇಟಾ ಆದ್ರೂ ಬೇಕು.”

ವೈಜಿನಾಥರು ಅಲ್ಲೇ ನೆಲಕ್ಕೆ ಕುಳಿತರು. ಹಳೆಯ ಸಾಲಕ್ಕೆ ಹೊಸ ಸಾಲ, ಮೇಲೆ ಬಡ್ಡಿಯಾಗಿ ಒಂದು ಫೇಟಾ! ದಿಲ್ಲಿಯಲ್ಲಿದೆ ಎಂದು ತಾವು ಬೈದು ಬಂದ ರೋಗ ತಮ್ಮ ಪಡಸಾಲೆಯಲ್ಲೇ ತಗಡಿನ ಪೆಟ್ಟಿಗೆಯಲ್ಲಿ ಕೂತಿತ್ತು. ದೇಶವನ್ನು ತಿದ್ದುವುದು ತಮ್ಮ ಕೈಯಲ್ಲಿಲ್ಲ, ಮನೆಯನ್ನಾದರೂ ತಿದ್ದಬೇಕು ಎಂದು ಎದ್ದು ನಿಂತು ಆಜ್ಞೆ ಹೊರಡಿಸಿದರು. ಇಂದಿನಿಂದ ಈ ಮನೆ ಆಹೇರಿ ಮಾಡುವುದಿಲ್ಲ, ಮಾಡಿಸಿಕೊಳ್ಳುವುದೂ ಇಲ್ಲ.

ಚಂದ್ರಭಾಗಾಬಾಯಿ ಅಳಲಿಲ್ಲ, ಕೂಗಾಡಲಿಲ್ಲ. ಕೈಯಲ್ಲಿದ್ದ ಖಣವನ್ನು ತೊಡೆಯ ಮೇಲೆ ಹಾಕಿಕೊಂಡು ಸಾವಕಾಶ ಮಡಚಿದಳು.

“ನಾ ಬರಿಗೈಲೆ ತವರಿಗಿ ಹೋದ್ರ ನನ್ನ ತಮ್ಮನ ಹೇಣ್ತಿ ಏನೂ ಅನ್ನಂಗಿಲ್ರಿ. ನೀರು ಕೊಡ್ತಾಳ, ಚಹಾ ಕೊಡ್ತಾಳ, ಏನೂ ಅನ್ನಂಗಿಲ್ಲ. ಅದೇ ನನಗ ತಡಕೊಳ್ಳಾಕ ಆಗಂಗಿಲ್ಲ.”

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ತವರಿನ ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲುವುದು ವೈಜಿನಾಥರಿಗೂ ಬೇಕಿರಲಿಲ್ಲ. ಆಯಿತು, ತವರುಮನೆಗೆ ವಿನಾಯಿತಿ ಎಂದರು. ಬಾಗಿಲು ಅಷ್ಟು ತೆರೆದದ್ದೇ ತಡ, ಉಳಿದವರೂ ಒಳಗೆ ನುಗ್ಗಿದರು. ಭಾಲ್ಕಿಯ ತಂಗಿಯೂ ತವರೇ ಅಲ್ಲವೇ? ಕಮಠಾಣದಲ್ಲಿರುವ ಬೀಗರಿಗೆ ಮಾಡದಿದ್ದರೆ ಮಗಳು ಮನಿಷಾಳ ಗತಿಯೇನು? ವಯಸ್ಸಾದವರಿಗೆ ಇಲ್ಲವೆನ್ನಬಾರದು, ಬಾಣಂತಿಯರಿಗೆ ಬೇಡವೆಂದರೆ ಪಾಪ. ನಡುವೆ ವೈಜಿನಾಥರೂ ತಮ್ಮ ಅಕ್ಕನ ಹೆಸರನ್ನು ಮೆಲ್ಲಗೆ ಸೇರಿಸಿದರು. ಕೊನೆಗೆ ಕಾಯಿದೆ ಪೂರ್ತಿಯಾಗಿ ಅನ್ವಯವಾಗುವವನು ಹಲಬರ್ಗಾದ ದೂರದ ಕಾಕಾ ಒಬ್ಬನೇ ಉಳಿದ. ಬದುವಿನ ಜಗಳದಿಂದಾಗಿ ಅವನಿಗೂ ಇವರಿಗೂ ಮಾತು ಬಿಟ್ಟು ಬಹಳ ಕಾಲವಾಗಿತ್ತು.

ಕಾಯಿದೆ ಹೀಗೆ ಸೋರಿಹೋದದ್ದು ಕಂಡು ಅವರು ಇನ್ನೊಂದು ಮಿತಿ ಹಾಕಿದರು. ಕೊಡುವುದು ಇರಲಿ, ಆದರೆ ಹೊಸದಾಗಿ ಏನೂ ಬರಕೂಡದು. ಈ ಟ್ರಂಕಿನ ಮುಚ್ಚಳವೇ ಗಡಿ. ಮುಚ್ಚಳ ಮುಚ್ಚದಿದ್ದರೆ ಒಂದು ಟವಲೂ ಒಳಗೆ ಹೋಗಕೂಡದು. ಮುಚ್ಚಿ ನೋಡಿದರೆ ಆಗಲೇ ಮುಚ್ಚಳ ಮೂರು ಬೆರಳು ಮೇಲಿತ್ತು. ಚಂದ್ರಭಾಗಾಬಾಯಿ ಅದರ ಮೇಲೆ ಕುಳಿತಳು. ಚಿಲಕ ಕಟಕ್ಕೆಂದು ಬಿತ್ತು. ಮಿತಿ ಪಾಲನೆಯಾಯಿತು ಎಂದು ಇಬ್ಬರೂ ಒಪ್ಪಿಕೊಂಡರು.

ಆದರೂ ವೈಜಿನಾಥರಿಗೆ ಒಂದು ಚಪಲ ಉಳಿಯಿತು. ಭಾಲ್ಕಿಗೆ ಹೊರಡುವ ಮುಂಜಾನೆ, ಹೆಂಡತಿ ಕಾಣದಂತೆ ಒಂದು ಬಿಳಿ ಟೋಪಿಯನ್ನೆತ್ತಿಕೊಂಡು ಒಳಮಡಿಕೆಯಲ್ಲಿ ನೀಲಿ ಪೆನ್ನಿನಿಂದ ‘ವೈ’ ಎಂದು ಬರೆದರು. ಈ ಟೋಪಿ ಎಂದಾದರೊಂದು ದಿನ ಈ ಮನೆಗೇ ತಿರುಗಿ ಬರುತ್ತದೆ, ಆಗ ಹೆಂಡತಿಯ ಮುಂದೆ ಮಡಿಕೆ ಬಿಚ್ಚಿ ತೋರಿಸಬೇಕು ಎಂಬುದು ಅವರ ಸಂಶೋಧನೆ. ವಾಸ್ತುವಿನ ದಿನ ಅದನ್ನು ಷಡ್ಡಕನ ತಲೆಯ ಮೇಲಿಟ್ಟು ಗಂಭೀರವಾಗಿ ಕೈ ಮುಗಿದರು. ಷಡ್ಡಕ, ಪಾಪ, ಭಾಳ ಸಂತೋಷಪಟ್ಟ.

ಔರಾದಿನ ಮದುವೆಯ ಹಿಂದಿನ ದಿನ ಚಾಂದ ಪಾಶಾನ ಹೋಟೆಲಿನಲ್ಲಿ ಎಲ್ಲರೆದುರು ಶಪಥವೂ ಆಯಿತು. “ನೋಡ್ರೆಪಾ, ಔರಾದಿನಿಂದ ನಾ ಬರಿಗೈಲೆ ಬರ್ತೇನಿ. ಆಹೇರಿದು ಒಂದು ನೂಲು ನನ್ನ ಮನಿಗಿ ಬಂತಂದ್ರ ನನಗ ವೈಜಿನಾಥ ಅನಬ್ಯಾಡ್ರಿ. ಸರ್ಕಾರ ಅನ್ರಿ.”

ಮದುವೆಯಲ್ಲಿ ಬಂಧುಗಳು ಮೈಕಿನಲ್ಲಿ ಆಶೀರ್ವಾದದ ಎರಡು ಮಾತಾಡುವ ಪದ್ಧತಿ ಇತ್ತು. ಆ ಎರಡು ಮಾತಿನಲ್ಲಿ ಸಾಲದ ವಿಷಯವನ್ನು ಇಡೀ ಔರಾದಿಗೆ ತಿಳಿಸಿಬಿಡಬೇಕೆಂದು ವೈಜಿನಾಥರು ನಿಶ್ಚಯಿಸಿದರು. ದುಂದುವೆಚ್ಚ ಬೇಡವೆಂದು ಹೇಳುವವನು ಬಸ್ಸಿನಲ್ಲಿ ಮುದ್ದೆಯಾಗಿ ಇಳಿದರೆ ಮಾತಿಗೆ ತೂಕ ಬರುವುದಿಲ್ಲವೆಂದು ಬಾಡಿಗೆಯ ಕಾರು ಮಾಡಿದರು. ಅದೇ ಕಾರಣಕ್ಕೆ ಒಂದು ಹೊಸ ಅಂಗಿಯೂ ಬಂತು. (ಇದನ್ನು ಖರ್ಚು ಎನ್ನಬಾರದು. ಉಳಿತಾಯದ ಪ್ರಚಾರಕ್ಕೆ ಹಾಕಿದ ಬಂಡವಾಳ.)

ಅಕ್ಷತೆ ಬಿದ್ದ ಮೇಲೆ ಮೈಕು ಕೈಗೆ ಬಂತು. ವಧೂವರರಿಗೆ ಅರ್ಧ ವಾಕ್ಯದಲ್ಲಿ ಒಳ್ಳೆಯದನ್ನು ಕೋರಿ ಅವರು ನೇರ ದೇಶದ ಖಜಾನೆಗೆ ಇಳಿದರು. ಸಾಲ, ಬಡ್ಡಿ, ಬಡ್ಡಿಗೆ ಸಾಲ. ಅಲ್ಲಿಂದ ಟ್ರಂಕಿಗೆ ಬಂದರು. ನಾವು ಒಬ್ಬರಿಗೊಬ್ಬರು ಟೋಪಿ ಹಾಕುತ್ತ ಬಂದಿದ್ದೇವೆ, ಮೊದಲು ನಾವು ನಿಲ್ಲಿಸೋಣ, ಆಮೇಲೆ ದಿಲ್ಲಿಗೆ ಬುದ್ಧಿ ಹೇಳೋಣ ಎಂದಾಗ ಮಂಟಪವೇ ಹಾರಿಹೋಗುವಂಥ ಚಪ್ಪಾಳೆ. ಹಸಿದ ಜನ ಊಟದ ಹೊತ್ತಿಗೆ ಯಾವ ಭಾಷಣ ಮುಗಿದರೂ ಹಾಗೆಯೇ ಚಪ್ಪಾಳೆ ಹೊಡೆಯುತ್ತಾರೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಮುಂದಿನ ಸಾಲಿನಲ್ಲಿ ಪಂಚಾಯಿತಿಯ ಒಬ್ಬ ಮಾಜಿ ಅಧ್ಯಕ್ಷರು ಕೂತಿದ್ದರು. ರಸ್ತೆಯೇ ಇಲ್ಲದ ಊರಿಗೆ ಎರಡು ಸ್ವಾಗತ ಕಮಾನು ಕಟ್ಟಿಸಿದ ಕೀರ್ತಿ ಅವರದು. ಅವರು ಎದ್ದು ಬಂದು ಮೈಕು ತೆಗೆದುಕೊಂಡು, ದುಂದುವೆಚ್ಚದ ವಿರುದ್ಧ ಇಂಥ ಮಾತು ತಾವು ಜನ್ಮದಲ್ಲಿ ಕೇಳಿಲ್ಲವೆಂದೂ, ಇಂಥ ಮಹನೀಯರನ್ನು ಬರಿತಲೆಯಲ್ಲಿ ಕಳಿಸಿದರೆ ಊರಿಗೇ ಅವಮಾನವೆಂದೂ ಸಾರಿದರು. ಹಣಮಂತನಿಗೆ ಅಷ್ಟು ಸಾಕಾಯಿತು. ಓಡಿಹೋಗಿ ಟೋಪಿ, ಟವಲು, ಶಾಲು ತಂದ.

“ಬ್ಯಾಡ ಹಣಮಂತ, ನಾ ಈಗಷ್ಟೇ ಏನು ಹೇಳ್ದೆ?”

“ಭಾವಾರ, ಇದು ಆಹೇರಿ ಅಲ್ರಿ. ಇದು ಸನ್ಮಾನ ಅದ.”

ವೈಜಿನಾಥರು ಒಂದು ಗಳಿಗೆ ಯೋಚಿಸಿದರು. ಹೌದಲ್ಲ, ಹೆಸರೇ ಬೇರೆ. ಸರ್ಕಾರ ಕೂಡ ಸಾಲಕ್ಕೆ ಸಾಲ ಎನ್ನುವುದಿಲ್ಲ, ಬಾಂಡು ಎನ್ನುತ್ತದೆ. ತಲೆ ಬಾಗಿತು. ಹಣಮಂತ ಮಾಡಿದ ಮೇಲೆ ಬೀಗರು ಸುಮ್ಮನಿರಲಾದೀತೇ? ಬೀಗರು ಮಾಡಿದ ಮೇಲೆ ಬೀಗರ ಬೀಗರು? ಕೈಯಲ್ಲಿ ಏನೂ ಇಲ್ಲದವರು ಮದುಮಗಳಿಗೆ ಬಂದ ಆಹೇರಿಯ ರಾಶಿಯಿಂದಲೇ ಎತ್ತಿಕೊಂಡು, ಆಮೇಲೆ ತಂದಿಡುತ್ತೇವೆಂದು ಹೇಳಿ ಸನ್ಮಾನ ಮಾಡಿದರು. ಒಂದು ಟೋಪಿ ತೆಗೆದು ಇನ್ನೊಂದು, ಅದನ್ನು ತೆಗೆದು ಮತ್ತೊಂದು. ಕಡೆಗೆ ಭಾಲ್ಕಿಯ ಷಡ್ಡಕ ಬಂದು ಒಂದು ಬಿಳಿ ಟೋಪಿ ಇಟ್ಟು ಗಂಭೀರವಾಗಿ ಕೈ ಮುಗಿದ. ಪಕ್ಕದಲ್ಲಿ ಚಂದ್ರಭಾಗಾಬಾಯಿಯ ಮಡಿಲು ತುಂಬಿ ಚೆಲ್ಲುತ್ತಿತ್ತು. ತಮ್ಮನ ಹೆಂಡತಿ ಆಕೆಯ ಕೈ ಹಿಡಿದುಕೊಂಡು ಬಾಯ್ತುಂಬ ಮಾತಾಡುತ್ತಿದ್ದಳು. ಆ ಮುಖ ನೋಡಿ ವೈಜಿನಾಥರಿಗೂ ಖುಷಿಯಾಯಿತು, ಸುಳ್ಳು ಹೇಳಬಾರದು.

ತಿರುಗಿ ಬರುವಾಗ ಕಾರಿನ ಹಿಂದಿನ ಸೀಟು ಬಟ್ಟೆಗೇ ಹೋಯಿತು. ಚಂದ್ರಭಾಗಾಬಾಯಿ ಒಂದೊಂದನ್ನೇ ಮುಟ್ಟಿ, ಇದು ಇಂಥವರದು, ಅವರ ಮಗನ ಲಗ್ನಕ್ಕೆ ಸೀರೆಗೆ ಕಡಿಮೆ ನಡೆಯಂಗಿಲ್ಲ, ಇದು ಇಂಥವರದು, ಅವರ ಮನೆಯಲ್ಲಿ ಕೂಸಿನ ಕೂದಲು ತೆಗೆಸುವ ಜವಳ ಇದೆ ಎನ್ನುತ್ತ ಬಂದಳು. ಇದು ಸನ್ಮಾನ, ಇದನ್ನು ತಿರುಗಿಸಬೇಕಿಲ್ಲ ಎಂದು ವೈಜಿನಾಥರು ಮೆಲ್ಲಗೆ ಹೇಳಿ ನೋಡಿದರು.

“ಯಾಕ್ರಿ, ಸನ್ಮಾನ ಮಾಡಿದವರಿಗಿ ನಾವು ಸನ್ಮಾನ ಮಾಡಬಾರದೇನು?” ಎಂದಳು ಆಕೆ.

ಮನೆಯಲ್ಲಿ ಟ್ರಂಕು ತುಂಬಿದರು. ಆಕೆ ಕುಳಿತಳು, ಮುಚ್ಚಲಿಲ್ಲ. ಇವರೂ ಪಕ್ಕದಲ್ಲಿ ಕುಳಿತರು. ಮದುವೆಯ ದಿನ ಹಸೆಮಣೆಯ ಮೇಲೆ ಕೂತ ಮೇಲೆ ಇಷ್ಟು ಒತ್ತಾಗಿ ಇಬ್ಬರೂ ಕೂತದ್ದು ಇದೇ ಮೊದಲು. ತಗಡು ನರಳಿತು, ಚಿಲಕ ಬೀಳಲಿಲ್ಲ.

“ನಾಳಿ ಒಂದು ದೊಡ್ಡ ಟ್ರಂಕ ನೋಡ್ತೇನಿ,” ಎಂದರು ವೈಜಿನಾಥರು ಗೋಡೆಯ ಕಡೆ ಮುಖ ಮಾಡಿ.

“ಮುಚ್ಚಳದ ಗಡಿ ಅಂದಿದ್ರಿ?”

“ಗಡಿ ಅದೇ ಅದ. ಟ್ರಂಕಷ್ಟೇ ಬ್ಯಾರೆ.”

ಮರುದಿನ ಬಿಸಿಲಿಗೆ ತಲೆ ಸುಡುತ್ತದೆಂದು ಕೈಗೆ ಸಿಕ್ಕ ಬಿಳಿ ಟೋಪಿ ಇಟ್ಟುಕೊಂಡು ಪೇಟೆಗೆ ಹೋದರು. ಹಳೆಯದರ ಎರಡರಷ್ಟಿದ್ದ ಟ್ರಂಕನ್ನು ಆಟೋಕ್ಕೆ ಕಟ್ಟಿಸಿಕೊಂಡು, ಹೋಟೆಲಿನ ಮುಂದೆ ಬೇಗ ದಾಟಿಸು ಎಂದು ಡ್ರೈವರನಿಗೆ ಹೇಳಿಯೂ ಇದ್ದರು. ಆದರೆ ಚೌಬಾರದಲ್ಲಿ ಗಾಡಿ ಸಿಕ್ಕಿಕೊಂಡು, ಆಟೋ ಸರಿಯಾಗಿ ಚಾಂದ ಪಾಶಾನ ಒಲೆಯ ಎದುರಿಗೇ ನಿಂತಿತು. ಅವನು ಟ್ರಂಕು ನೋಡಿದ, ಆಮೇಲೆ ಇವರ ಮುಖ ನೋಡಿದ. ಕೈ ಎತ್ತಿ ಅದಬಿನಿಂದ ತಲೆ ಬಾಗಿಸಿ ಸಲಾಮು ಮಾಡಿದ.

“ಬರ್ರಿ ಸರ್ಕಾರ, ಚಹಾ ಕುಡೀರಿ.”

ಒಳಗೆ ಕೂತ ಮಂದಿಯೆಲ್ಲ ತಿರುಗಿ ನೋಡಿದರು. ಇಳಿಯದೆ ಗತಿಯಿರಲಿಲ್ಲ. ವೈಜಿನಾಥರು ಬೆಂಚಿನ ಮೇಲೆ ಕುಳಿತು, ದೇಶ ಎಂದ ಮೇಲೆ ಸ್ವಲ್ಪ ಖರ್ಚು ಇದ್ದದ್ದೇ, ಸರ್ಕಾರದವರಾದರೂ ಏನು ಮಾಡಿಯಾರು ಎಂದು ಏನೇನೋ ಹೇಳಲು ಹೊರಟರು. ಚಾಂದ ಪಾಶಾ ಗ್ಲಾಸು ಮುಂದಿಟ್ಟು ಅವರ ತಲೆಯನ್ನೇ ನೋಡುತ್ತಿದ್ದ.

“ಟೋಪಿ ಛಲೋ ಅದರಿ ಸಾಬ. ಯಾರ್ ಹಾಕಿದ್ರು ನಿಮಗ?”

ಷಡ್ಡಕನ ಹೆಸರು ಹೇಳಬೇಕೆಂದು ವೈಜಿನಾಥರು ಬೆವರೊರೆಸಲು ಟೋಪಿ ತೆಗೆದರು. ಒಳಮಡಿಕೆ ಬಿಚ್ಚಿಕೊಂಡಿತು. ಬೆವರಿಗೆ ತುಸು ಹರಡಿದ್ದರೂ ನೀಲಿ ‘ವೈ’ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಹೆಬ್ಬೆರಳಿನಿಂದ ಅದನ್ನು ಒಮ್ಮೆ ಉಜ್ಜಿ ನೋಡಿದರು.

“ನಾನೇ ಹಾಕ್ಕೊಂಡೇನಿ,” ಎಂದು ಕಡೆಗೆ ಹೇಳಿ, ಟೋಪಿಯನ್ನು ಮತ್ತೆ ತಲೆಯ ಮೇಲಿಟ್ಟುಕೊಂಡರು.