ಓಲೆಯ ತಿರುಪು ಹಾಕಿದ ದೋಣಿ

“ಲೇ ಗಂಗಾ, ಭಾನುವಾರಕ್ಕೆ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ. ಅವತ್ತು ಈ ದೋಣಿ ಕೆರೆ ಮಧ್ಯಕ್ಕೆ ಹೋಗಿ ವಾಪಸ್ ಬರದೇ ಇದ್ರೆ ನಾನು ಭೀಮರಾಜನೇ ಅಲ್ಲ!”

ಕ್ಯಾಲನೂರು ಸುತ್ತಮುತ್ತಲಿನ ಪಂಪ್‌ಸೆಟ್ಟುಗಳು ಭೀಮರಾಜನ ಕೆಮ್ಮು ಕೇಳಿದರೆ ಸಾಕು, ತಾವಾಗಿಯೇ ಸ್ಟಾರ್ಟ್ ಆಗುತ್ತವೆ ಎಂಬ ಪ್ರತೀತಿಯಿತ್ತು. ಅದನ್ನು ಹಬ್ಬಿಸಿದವನೂ ಅವನೇ! ಮದುವೆಯಾದ ಹೊಸತರಲ್ಲಿ ಹೆಂಡತಿ ಗಂಗಾಲಕ್ಷ್ಮಿಗೆ ದೋಣಿಯಲ್ಲಿ ಕೂರಿಸುತ್ತೇನೆಂದು ಮಾತು ಕೊಟ್ಟಿದ್ದ. ಮೋಟಾರು ಬಿಚ್ಚುವುದರಲ್ಲೇ ಕಾಲು ಶತಮಾನ ಕಳೆಯಿತು. ಅದಕ್ಕೇ ಈಗ ಮೊಳದುದ್ದದ ರಿಮೋಟ್ ದೋಣಿ ಮಾಡಿ, ಮೇಲೆ ಕೆಂಪಕ್ಷರದಲ್ಲಿ ‘ಗಂಗಾ’ ಎಂದು ಬರೆದಿದ್ದ.

“ಇದ್ರಲ್ಲಿ ನಾನು ಎಲ್ಲಿ ಕೂತ್ಕೊಳ್ಳಲಿ?”

“ನಿನ್ನ ಹೆಸರು ಕೂತಿದೆಯಲ್ಲ ಕಣೇ!”

ಅವಳು ನಕ್ಕಳು. ನಗುತ್ತಲೇ ಆ ಹೆಸರನ್ನು ಬೆರಳಿನಿಂದ ಸವರಿದಳು. ದೋಣಿ ಕೈಕೊಟ್ಟರೆ ಈ ನಗುವೂ ಹೋಗುತ್ತದಲ್ಲ ಎಂದು ಭೀಮರಾಜನಿಗೆ ದಿಗಿಲಾಯಿತು.

ಭಾನುವಾರ ಬೆಳಿಗ್ಗೆ ನೀರಿನ ತೊಟ್ಟಿಯಲ್ಲಿ ಪರೀಕ್ಷೆ ನಡೆಯಿತು. ದೋಣಿಯ ಹಿಂದೆ ಗಿರ್ರನೆ ತಿರುಗುವ ಪ್ರೊಪೆಲ್ಲರ್ ಕಳಚಿತು. ಅದು ಸಿಕ್ಕಿತು, ಅದನ್ನು ಹಿಡಿದಿದ್ದ ಚಿಕ್ಕ ನಟ್ಟು ಮಾತ್ರ ಮೋರಿಯ ಪಾಲಾಯಿತು! ಹೊಸದಕ್ಕೆ ಕೋಲಾರಕ್ಕೆ ಓಡೋಣವೆಂದರೆ ಅಂಗಡಿಗೆ ರಜಾ.

ಆಗ ಕಂಡಿತು ಕಿಟಕಿಯ ಮೇಲಿನ ಬಟ್ಟಲು. ಗಂಗಾ ಎಣ್ಣೆಸ್ನಾನಕ್ಕೆ ಹೋಗುವಾಗ ಓಲೆಗಳನ್ನು ಬಿಚ್ಚಿಟ್ಟಿದ್ದಳು. ಅವಳ ಅಮ್ಮ ಕೊಟ್ಟ ಓಲೆ. ಅದರ ಹಿಂದಿನ ತಿರುಪು! ಒಳಗೆ ಕಪ್ಪಗಾದ ದಾರದ ಎಳೆಯೊಂದು ಸಿಕ್ಕಿಕೊಂಡಿತ್ತು. “ಥೂ, ಎಷ್ಟು ಕೊಳಕು!” ಎಂದು ಅದನ್ನು ಪಿನ್ನಿನಿಂದ ಕಿತ್ತು, ಸೋಪು ಹಾಕಿ ತೊಳೆದು ಪ್ರೊಪೆಲ್ಲರಿಗೆ ಹಾಕಿದ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು! ಸಂಜೆಯೊಳಗೆ ವಾಪಸಿಟ್ಟರಾಯಿತು ಎಂದುಕೊಂಡು ಕೆರೆಗೆ ನಡೆದ.

ದೋಣಿ ರಾಣಿಯ ಗತ್ತಿನಲ್ಲಿ ನಡುನೀರಿಗೆ ಹೋಯಿತು. ಲಾರಿ ಟ್ಯೂಬಿನ ಮೇಲೆ ಕೂತು ಮೀನು ಹಿಡಿಯುತ್ತಿದ್ದ ಕದಿರೇಶ್ ಶಿಳ್ಳೆ ಹೊಡೆದ. “ಸೂಪರ್ ಅಣ್ಣಾ! ರಿವರ್ಸ್ ತಗೊಳ್ಳಿ!”

ಹೊಗಳಿದರೆ ಕೇಳಬೇಕೆ? ಭೀಮರಾಜ ರಿವರ್ಸ್ ತೆಗೆದುಕೊಂಡ. ಬುಳಬುಳನೆ ನಾಲ್ಕು ಗುಳ್ಳೆ ಎದ್ದವು. ದೋಣಿ ನಿಂತಿತು. ಮುಂದಕ್ಕೆ ತಿರುಗಿದರೆ ಬಿಗಿಯಾಗುವ ನಟ್ಟು ಹಿಂದಕ್ಕೆ ತಿರುಗಿದರೆ ಬಿಚ್ಚಿಕೊಳ್ಳುತ್ತದೆ ಎಂಬುದು ಮಹಾ ಮೆಕ್ಯಾನಿಕ್ಕಿಗೆ ನೆನಪಾದದ್ದು ಆಗಲೇ.

“ಅಣ್ಣಾ, ಇನ್ಮೇಲೆ ನಿಮ್ಮನ್ನ ಏನಂತ ಕರೀಬೇಕು?” ಎಂದ ಕದಿರೇಶ್, ನಿಂತ ದೋಣಿಯನ್ನು ಟ್ಯೂಬಿನ ಹಿಂದೆ ದಡಕ್ಕೆ ಎಳೆದು ತರುತ್ತಾ. ಭೀಮರಾಜನ ಶಪಥ ಊರಿಗೆಲ್ಲ ತಿಳಿದಿತ್ತು.

ಅಷ್ಟರಲ್ಲಿ ಒಂದು ಕೈಯಲ್ಲಿ ಓಲೆ, ಇನ್ನೊಂದರಲ್ಲಿ ಬರಿಗಿವಿ ಹಿಡಿದುಕೊಂಡು ಗಂಗಾ ಕೆರೆ ಏರಿ ಮೇಲೆ ಬಂದಳು. “ರೀ, ಓಲೆ ತಿರುಪು ಒಂದು ಕಾಣ್ತಿಲ್ಲ.”

ಹುಡುಕೋಣ ಬಿಡು ಎನ್ನಬೇಕೆಂದುಕೊಂಡಿದ್ದವನ ಬಾಯಿಂದ ನಿಜವೇ ಬಂತು. “ಕೆರೆಯಲ್ಲಿದೆ.”

ಕಥೆಯೆಲ್ಲ ಕೇಳಿದ ಗಂಗಾ, “ದಾರ ಸುತ್ತಿದ್ನಲ್ಲ, ಹೆಂಗೆ ಬಿತ್ತು?” ಎಂದಳು.

“ಕೊಳಕಾಗಿತ್ತು ಅಂತ ಕಿತ್ತುಬಿಟ್ಟೆ.”

“ಅಯ್ಯೋ ದೇವುಡಾ! ಸವೆದ ತಿರುಪು ಕಣ್ರೀ. ಅದು ನಿಂತಿದ್ದೇ ಆ ದಾರದಿಂದ!”

ಅವಳ ಕಣ್ಣು ತುಂಬಿತು. ಭೀಮರಾಜ ಅವಳ ಕೈಯಿಂದ ಓಲೆ ತೆಗೆದುಕೊಂಡ. ಚೀಲದಿಂದ ತುಂಡು ವೈರು ತೆಗೆದು, ಅದರ ಪ್ಲಾಸ್ಟಿಕ್ ಸಿಪ್ಪೆಯನ್ನು ಕಡಲೆಬೇಳೆಯಷ್ಟು ಕತ್ತರಿಸಿ, ಓಲೆಯನ್ನು ಅವಳ ಕಿವಿಗಿಟ್ಟು ಹಿಂದಿನಿಂದ ಸಿಕ್ಕಿಸತೊಡಗಿದ. ಹೆಂಡತಿಯ ಕಿವಿಯನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ವರ್ಷವಾಗಿತ್ತೋ!

“ಹೊಸ ತಿರುಪು ಮಾಡಿಸೋವರೆಗೂ ಇದು ಬೀಳಲ್ಲ, ಗ್ಯಾರಂಟಿ.”

“ನಿಮ್ಮ ಗ್ಯಾರಂಟಿ ಬೇಡ,” ಎಂದು ಗಂಗಾ ಸೆರಗಿನಿಂದ ಒಂದೆಳೆ ದಾರ ಎಳೆದುಕೊಟ್ಟಳು. “ಮೊದ್ಲು ಇದನ್ನ ಸುತ್ತಿ.” ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಮರುಭಾನುವಾರ ಹೊಸ ನಟ್ಟು, ಹೊಸ ಪ್ರೊಪೆಲ್ಲರ್ ಬಂದವು. ನಟ್ಟು ಬಿಗಿಯುವ ಮೊದಲು ದಾರ ಸುತ್ತಿದವಳು ಗಂಗಾ. ದೋಣಿ ನಡುನೀರಿಗೆ ಹೋಯಿತು. ರಿವರ್ಸಿನಲ್ಲೇ ದಡಕ್ಕೂ ಬಂತು!

“ಅಣ್ಣಾ, ನೀವೇ ಮೆಕ್ಯಾನಿಕ್ಕು!” ಎಂದ ಕದಿರೇಶ್.

“ಮೆಕ್ಯಾನಿಕ್ಕು ಇವಳು ಕಣೋ,” ಎಂದ ಭೀಮರಾಜ. “ನಾನು ಬರೀ ರಿಮೋಟು ಹಿಡ್ಕೊಂಡಿರೋನು.”

ಗಂಗಾ ಕೈ ಚಾಚಿದಳು.

“ಅದನ್ನೂ ಇತ್ಲಾಗ್ ಕೊಡ್ರಿ.”