ಗೋಲಿ ಪೆಟ್ಟಿಗೆಯ ದೀಪಗಳು

ನಾನು ವೈರು ಜೋಡಿಸಲು ಹೋದಲ್ಲೆಲ್ಲ ಏನಾದರೊಂದು ನಗೆಪಾಟಲು ಆಗದೆ ಇರುತ್ತಿರಲಿಲ್ಲ.

ನಿಜಾಮರ ಕಾಲ. ಸಿಕಂದರಾಬಾದಿನ ರೇಡಿಯೊ ಅಂಗಡಿಯೊಂದರಲ್ಲಿ ಕೆಲಸ ಕಲಿತು ಊರಿಗೆ ಬಂದಿದ್ದೆ. ಆಗ ನಮ್ಮ ಕಡೆಯ ಕೆಲವು ಶ್ರೀಮಂತರ ಮನೆಗೆ ಮುಂಬಯಿಯಿಂದ ಪಿನ್‌ಬಾಲ್ ಮಷೀನುಗಳು ಬಂದವು. ನಮ್ಮ ಮಂದಿ ಅದಕ್ಕೆ ಗೋಲಿ ಪೆಟ್ಟಿಗೆ ಅಂದರು. ಇಳಿಜಾರು ಮೇಜು, ಮೇಲೆ ಗಾಜು. ಸ್ಪ್ರಿಂಗಿನ ಕಡ್ಡಿ ಎಳೆದು ಬಿಟ್ಟರೆ ಉಕ್ಕಿನ ಗೋಲಿ ಮೊಳೆಗಳ ನಡುವೆ ಉರುಳಿ, ಐವತ್ತು, ನೂರು, ಸಾವಿರ ಅಂತ ಅಂಕ ಬರೆದ ಯಾವುದೋ ಕುಳಿಗೆ ಬೀಳುತ್ತದೆ. ಕುಳಿಯ ಪಕ್ಕದ ಪುಟ್ಟ ದೀಪ, ಕನಸಿನಲ್ಲಿ ಯಾರೋ ಹಚ್ಚಿದ ಹಾಗೆ, ಮೆಲ್ಲಗೆ ಹತ್ತುತ್ತದೆ. ಬ್ಯಾಟರಿ ಅದರ ಹೊಟ್ಟೆಯೊಳಗೇ. ಹತ್ತದಿದ್ದರೆ ನನಗೆ ಕರೆ.

ಎಣ್ಣೆ

ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬರ ಮನೆ. ಮಧ್ಯಾಹ್ನದ ಹೊತ್ತು, ಹೊರಗೆ ಮಗ್ಗಗಳ ಸದ್ದು ಜೋಗುಳದಂತೆ ಕೇಳಿ ನನಗೇ ಕಣ್ಣು ಎಳೆಯುತ್ತಿತ್ತು. ಬ್ಯಾಟರಿ ಚೆನ್ನಾಗಿದೆ, ವೈರು ಎಲ್ಲೂ ಹರಿದಿಲ್ಲ, ಆದರೂ ಒಂದು ದೀಪವೂ ಹತ್ತದು. ಬಲ್ಬೊಂದನ್ನು ತಿರುಗಿಸಿ ತೆಗೆದೆ. ಬೆರಳೆಲ್ಲ ಜಿಡ್ಡು. ಇನ್ನೊಂದೂ ಹಾಗೇ. ಮೂಸಿ ನೋಡಿದರೆ ಔಡಲೆಣ್ಣೆ!

ಬಾಗಿಲ ಬಳಿ ಕೂತಿದ್ದ ವ್ಯಾಪಾರಿಯ ತಾಯಿ ಕೇಳಿದರು, "ಏನಾಗೇತಪಾ?"

"ಅಮ್ಮಾ, ಇದರಾಗ ಯಾರೋ ಎಣ್ಣಿ ಹಾಕ್ಯಾರ್ರಿ."

"ಯಾರೋ ಯಾಕ, ನಾನ ಹಾಕೀನಿ. ಮಂಕಾಗಿ ಉರಿತಿದ್ದುವು. ದೀಪಕ್ಕ ಎಣ್ಣಿ ಬ್ಯಾಡೇನು?"

ಒಂದೊಂದೇ ಹೋಲ್ಡರನ್ನು ಅರಳೆಯಿಂದ ಒರೆಸಿ, ಮರಳುಕಾಗದದಿಂದ ತಿಕ್ಕಿ, ಬಲ್ಬು ಕೂಡಿಸಿದೆ. ಕೆಂಪು, ಹಸಿರು, ಎಲ್ಲವೂ ಹತ್ತಿದವು. ಮುದುಕಿ ಕೈ ಮುಗಿದು ಅಂದರು, "ಎಣ್ಣಿ ಏರಾಕ ಇಷ್ಟು ಹೊತ್ತು ಹಿಡೀತು ನೋಡು!"

ಬರಾಬರ್

ಮಖ್ತಲದಲ್ಲಿ ತಹಸೀಲ್ದಾರ ಸಾಹೇಬರಿಗೆ ಈ ಆಟದ ಹುಚ್ಚು. ಅವರ ಜೊತೆ ಆಡಬೇಕಾದವನು ಕಚೇರಿಯ ಕಾಗದಪತ್ರ ನೋಡುವ ಪೇಶಕಾರ, ಒಣಕಲು ಮನುಷ್ಯ. ಅವನೇ ನನ್ನನ್ನು ಗುಟ್ಟಾಗಿ ಕರೆಸಿದ. "ಸಾಹೇಬ್ರದು ಗೋಲಿ ಎಲ್ಲಿ ಬಿದ್ರೂ ಸಾವಿರದ ದೀಪನ ಹತ್ತತೈತಿ. ನಂದು ಒಮ್ಮೆರ ಹತ್ತವಲ್ದು!"

ಬಿಚ್ಚಿ ನೋಡಿದೆ. ಮುಂದಿನ ಹಲಗೆಯ ಹಿಂದೆ ಎರಡು ವೈರುಗಳ ಮೇಲಿನ ಬಟ್ಟೆ ಸವೆದಿತ್ತು. ಸಾಹೇಬರ ದೊಡ್ಡ ಹೊಟ್ಟೆ ಹಲಗೆಗೆ ಒತ್ತಿದಾಗಲೆಲ್ಲ ಅವು ಒಂದಕ್ಕೊಂದು ತಾಗಿ ಸಾವಿರದ ದೀಪ ಹತ್ತುತ್ತಿತ್ತು. ಪಟ್ಟಿ ಸುತ್ತಿ ಎಲ್ಲ ಬರಾಬರ್ ಸರಿಮಾಡಿದೆ.

ಸಾಹೇಬರು ಬಂದು ಆಡಿದರು. ಹತ್ತಿದ್ದು ಐವತ್ತರ ದೀಪ. ನನ್ನ ಕಡೆ ಕಣ್ಣು ಕೆಂಪಗೆ ಮಾಡಿ, "ಅಚ್ಛಾ ಖಾಸಾ ಚಲ್ತಾ ಥಾ, ಬಿಗಾಡ್ ಡಾಲೇ ತುಮ್!" ಅಂದರು. ಚೆನ್ನಾಗಿ ನಡೆಯುತ್ತಿದ್ದುದನ್ನು ನಾನು ಕೆಡಿಸಿಬಿಟ್ಟೆನಂತೆ.

ಪೇಶಕಾರ ನನ್ನ ಕಿವಿಯಲ್ಲಿ, "ಬಿಚ್ಚಪಾ ಆ ಪಟ್ಟಿ, ನನ್ನ ನೌಕರಿ ಹೋದೀತು" ಅಂದ. ಬಿಚ್ಚಿದೆ. ಸಾಹೇಬರ ಹೊಟ್ಟೆ ತಾಗಿತು, ಸಾವಿರದ ದೀಪ ಹತ್ತಿತು.

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಪೇಶಕಾರ.

ಮುಷ್ಟಿ

ಗದ್ವಾಲದ ವಕೀಲರೊಬ್ಬರು ನಮ್ಮ ಅವ್ವನ ಕಡೆಯ ದೂರದ ಬಳಗ. ಅವರ ಮನೆಯ ಪೆಟ್ಟಿಗೆಯಲ್ಲಿ ನಡುವಿನ ದೀಪ, ಅಂದರೆ ಗೆಲುವಿನ ದೀಪ, ಹತ್ತುತ್ತಿರಲಿಲ್ಲ. ಕೃಷ್ಣೆಯ ಕಡೆಯಿಂದ ಗಾಳಿ ಬರುವ ಸಂಜೆ. ತಳದ ಹಲಗೆ ಬಿಚ್ಚಿ, ಅಂಗಾತ ಮಲಗಿ, ತಲೆಯನ್ನು ಒಳಗೆ ತೂರಿಸಿದೆ. ಬೆಸುಗೆ ಬಿಟ್ಟ ಎರಡು ವೈರು ಕೈಗೆ ಸಿಕ್ಕವು. ಅವನ್ನು ತಾಗಿಸಿದರೆ ಸಾಕು, ದೀಪ ಹತ್ತುತ್ತಿತ್ತು.

ಅಷ್ಟರಲ್ಲಿ ಮೇಲೆ ಬಳೆಗಳ ಸದ್ದು. ವಕೀಲರ ಮಗಳು. "ಒಮ್ಮಿ ಆಡಿ ನೋಡ್ಲೇನು?" ಅಂದಳು.

ಠಣ್ ಅಂತ ಕಡ್ಡಿಯ ಸದ್ದಾಯಿತು. ನಾನು ವೈರು ತಾಗಿಸಿದೆ.

"ಅಪ್ಪಾ, ಗೆದ್ದೆ!" ಅಂತ ನಕ್ಕಳು. ಆ ನಗು ಪೆಟ್ಟಿಗೆಯೊಳಗೆಲ್ಲ ತುಂಬಿ ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಮತ್ತೆ ಠಣ್, ಮತ್ತೆ ದೀಪ, ಮತ್ತೆ ನಗು.

"ಆತೇನಪಾ?" ಅಂದರು ವಕೀಲರು.

"ಬೆಸುಗಿ ಆರಬೇಕ್ರಿ, ಇನ್ನಷ್ಟು ತಡೀರಿ" ಅಂದೆ. ಬೆಸುಗೆ ಕಡ್ಡಿಯನ್ನು ನಾನಿನ್ನೂ ಕಾಯಿಸಿಯೇ ಇರಲಿಲ್ಲ!

ಮುಂದೆ ಹಿರಿಯರು ಕೂತು ಮಾತಾಡಿದರು, ನಮ್ಮಿಬ್ಬರ ಲಗ್ನವಾಯಿತು. ಒಂದು ದಿನ ಅವಳನ್ನು ಕೆಣಕಿದೆ. "ಅವತ್ತು ಹತ್ತಿದ ದೀಪ ಎಲ್ಲಾ ನಾನ ಹಚ್ಚಿದ್ದು. ನೀ ಗೆದ್ದೀನಿ ಅಂತ ಕುಣಿದಾಡಿದಿ!"

"ನನಗ ಗೊತ್ತಿಲ್ಲೇನ್ರಿ?" ಅಂದಳು. "ನಾ ಬರೇ ಕಡ್ಡಿ ಎಳೀತಿದ್ದೆ. ಗೋಲಿ ನನ್ನ ಮುಷ್ಟ್ಯಾಗ ಇತ್ತು."